ಒಂದೇ ಸೂರಿನಡಿ ಮೂರು ದಿನ

ಮಸರಕಲ್ ಸುತ್ತಿನ ಹಳ್ಳಿಗಳಲ್ಲಿ ಶಶಿಕಲಾಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಸಿಸ್ಟರ್. ಅಲ್ಲಿಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಮುಂದೆ ತಪಾಸಣೆಯ ಕೋಣೆ, ಹಿಂದೆ ಒಂದು ಅಡುಗೆಮನೆ ಮತ್ತು ಒಂದು ಮಲಗುವ ಕೋಣೆಯ ಕ್ವಾರ್ಟರ್ಸ್. ಹೆರಿಗೆ ನೋವು ಹೊತ್ತು ನೋಡಿ ಬರುವುದಿಲ್ಲ. ಹಾಗಾಗಿ ಅವಳು ಅಲ್ಲೇ ಇರಬೇಕು.

ಗಂಡ ಪಂಪಾಪತಿ ಇರುವುದು ಮಾನ್ವಿ ಕಡೆ. ಚೀಕಲಪರ್ವಿ ಹತ್ತಿರ ತುಂಗಭದ್ರೆಯಿಂದ ಊರುಗಳಿಗೆ ಕುಡಿಯುವ ನೀರು ಎತ್ತುವ ಪಂಪ್‌ಹೌಸಿನಲ್ಲಿ ಆಪರೇಟರ್. ಪಾಳಿಯ ಕೆಲಸ, ಮಾನ್ವಿಯಲ್ಲೊಂದು ಬಾಡಿಗೆ ಕೋಣೆ. ಹದಿಮೂರು ವರ್ಷದ ಮಗಳು ವಿಶಾಖಾ, ಎಂಟು ವರ್ಷದ ಮಗ ಕಿರಣಕುಮಾರ ಇಬ್ಬರೂ ರಾಯಚೂರಿನಲ್ಲಿ, ಪಂಪಾಪತಿಯ ತಾಯಿ ಗೋಪಮ್ಮನ ಹತ್ತಿರ. ಒಳ್ಳೆಯ ಶಾಲೆ ಅಲ್ಲಿದೆ ಎಂದು ಹಾಗೆ ಮಾಡಿದ್ದರು. ಶನಿವಾರ ಸಂಜೆ ಶಶಿಕಲಾ ರಾಯಚೂರಿಗೆ ಹೋಗುತ್ತಾಳೆ, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ವಾಪಸಾಗುತ್ತಾಳೆ. ಎಷ್ಟೋ ಶನಿವಾರ ಅದೂ ತಪ್ಪುತ್ತದೆ. ಮಕ್ಕಳು ಗೋಪಮ್ಮನನ್ನು ಅವ್ವ ಅನ್ನುತ್ತಾರೆ, ಶಶಿಕಲಾಳನ್ನು ಮಮ್ಮಿ ಅನ್ನುತ್ತಾರೆ.

ಶಶಿಕಲಾಳ ಅಪ್ಪ ಸೂಗಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಅವಳನ್ನು ಓದಿಸಿದವನು. ನೌಕರಿಯ ಆದೇಶ ಕೈಗೆ ಬಂದ ದಿನ ಅದನ್ನು ಮನೆಯಲ್ಲಿದ್ದ ಬುದ್ಧನ ಪಟದ ಮುಂದೆ ಇಟ್ಟು, "ಎಲ್ಲಿಗಿ ಹಾಕಿದ್ರೂ ಹೋಗಬೇಕವ್ವಾ. ಬ್ಯಾಡ ಅನಬಾರದು," ಅಂದಿದ್ದ. ಅವಳು ಯಾವತ್ತೂ ಬೇಡ ಅನ್ನಲಿಲ್ಲ.

ಹಗಲು ಹೇಗೋ ಹೋಗುತ್ತಿತ್ತು. ಐದು ಗಂಟೆಯ ನಂತರ ಮುಂಬಾಗಿಲು ಹಾಕಿದ ಮೇಲೆ ಹಿಂದಿನ ಕೋಣೆಯಲ್ಲಿ ಅವಳೊಬ್ಬಳೇ. ಒಬ್ಬಳಿಗಾಗಿ ಅನ್ನ ಮಾಡಿದರೆ ಮಿಗುತ್ತಿತ್ತು, ಮಾಡದಿದ್ದರೆ ಹಸಿವಾಗುತ್ತಿತ್ತು. ಅಂಥ ಒಂದು ಸಂಜೆ, ಫೆಬ್ರುವರಿಯಲ್ಲಿ, ಫೋನಿನಲ್ಲಿ ಒಂದು ಜಾಹೀರಾತು ಬಂತು. ಹೈದರಾಬಾದಿನ ಹೊರಗೆ ದೊಡ್ಡದೊಂದು ಆಟದ ಪಾರ್ಕು, ಅದರೊಳಗೇ ಉಳಿಯಲು ರಿಸಾರ್ಟು. ನಾಲ್ಕು ಜನರ ಕುಟುಂಬಕ್ಕೆ ಮೂರು ದಿನ. ಚಿತ್ರದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ರಬ್ಬರ್ ದೋಣಿಯಲ್ಲಿ ಕೂತು ನೀರಿನಲ್ಲಿ ಜಾರುತ್ತಿದ್ದರು. ಶಶಿಕಲಾ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ತಾವು ನಾಲ್ವರೂ ಒಂದೇ ಸೂರಿನಡಿ ಸತತ ಮೂರು ದಿನ ಇದ್ದದ್ದು ಅವಳ ನೆನಪಿಗೆ ಬಂದದ್ದು ಎರಡೇ ಸಲ. ಮಾವ ತೀರಿಕೊಂಡಾಗ ಒಮ್ಮೆ, ಕಿರಣನಿಗೆ ಡೆಂಗಿ ಜ್ವರ ಬಂದಾಗ ಇನ್ನೊಮ್ಮೆ.

ಅವತ್ತಿನಿಂದ ಅವಳ ಸಂಜೆಗಳಿಗೆ ಕೆಲಸ ಸಿಕ್ಕಿತು. ಒಂದು ನೋಟ್‌ಬುಕ್ ಇಟ್ಟಳು. ಹೋಗಿ ಬಂದವರು ಹಾಕಿದ ವಿಡಿಯೊಗಳನ್ನೆಲ್ಲ ನೋಡಿದಳು. ಯಾವ ಆಟಕ್ಕೆ ಬೆಳಿಗ್ಗೆಯೇ ಸಾಲು ನಿಲ್ಲಬೇಕು, ನೆರಳು ಎಲ್ಲಿದೆ, ಶೌಚಾಲಯ ಎಲ್ಲಿ, ಪೆಟ್ಟಾದರೆ ಪಟ್ಟಿ ಕಟ್ಟುವ ಕೋಣೆ ಎಲ್ಲಿ, ಎಲ್ಲವನ್ನೂ ಬರೆದುಕೊಂಡಳು. ಒಂದು ತಿಂಗಳಲ್ಲಿ ಕಣ್ಣು ಮುಚ್ಚಿದರೂ ಆ ಪಾರ್ಕಿನಲ್ಲಿ ನಡೆದಾಡುವಷ್ಟು ಅವಳಿಗೆ ಅದರ ದಾರಿಗಳು ಗೊತ್ತಾದವು.

ಮಾರ್ಚಿನಲ್ಲಿ ರಿಸಾರ್ಟಿಗೆ ಫೋನ್ ಮಾಡಿದಳು. ಆ ಕಡೆ ಎತ್ತಿಕೊಂಡವನ ಹೆಸರು ಜಗದೀಶ, ಯಾದಗಿರಿ ಕಡೆಯವನಂತೆ. ಅವಳ ಮಾತು ಕೇಳಿದ್ದೇ ಅವನೂ ಊರ ಮಾತಿಗೆ ಇಳಿದ.

"ಸಣ್ಣ ಹುಡುಗನ ಎತ್ತರ ಎಷ್ಟ್ರಿ ಮೇಡಂ?"

"ಎಂಟು ವರ್ಷ ಆಗ್ಯಾವ್ರಿ."

"ವಯಸ್ಸಲ್ರಿ, ಎತ್ತರ. ನೂರಾ ಇಪ್ಪತ್ತು ಸೆಂಟಿಮೀಟರ್ ಇದ್ರ ದೊಡ್ಡ ಆಟಕ್ಕ ಬಿಡ್ತಾರ. ಕಡಿಮಿ ಇದ್ರ ಸಣ್ಣ ಆಟ ಅಷ್ಟ."

ಶಶಿಕಲಾಳ ಕಣ್ಣು ಮೇಜಿನ ಕಡೆ ಹೋಯಿತು. ನಾಲ್ಕು ಹಳ್ಳಿಯ ಮಕ್ಕಳ ಎತ್ತರ, ತೂಕ ಅದರ ಮೇಲಿನ ಪುಸ್ತಕದಲ್ಲಿತ್ತು, ಕಿರಣನದು ಇರಲಿಲ್ಲ.

"ಎತ್ತರಕ್ಕ ಅಂಜ್ತಾರೇನ್ರಿ? ನೀರಿಗಿ? ಊಟದಾಗ ಏನರ ಆಗಿಬರಂಗಿಲ್ಲ ಅನ್ನೂದು ಅದ ಏನು? ನಾವು ಮೊದಲೇ ಬರಕೊಂಡಿರ್ತೀವ್ರಿ."

"ಕೇಳಿ ಹೇಳ್ತೀನ್ರಿ," ಅಂದು ಅವಳು ಫೋನ್ ಇಟ್ಟಳು. ಆಮೇಲೆ ಅತ್ತೆಗೆ ಮಾಡಿದಳು.

ಗೋಪಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ನೀರಿಗಿ ಅಂಜಂಗಿಲ್ಲ ಕಿರಣ. ಕತ್ತಲಿಗಿ ಅಂಜತಾನ. ಶೇಂಗಾ ಹೆಚ್ಚು ತಿಂದ್ರ ಹೊಟ್ಟಿ ನೂಸ್ತದ ಅವನಿಗಿ. ವಿಶಾಖಾಗ ಎತ್ತರ ಅಂದ್ರ ಭಾಳ ಸೇರ್ತದ, ಮಾಳಗಿ ತುದಿಗಿ ಹೋಗಿ ಕುಂದರ್ತಾಳ, ನಾ ಬೈತೀನಿ. ಮತ್ತ ಆಕಿಗಿ ಬದನಿಕಾಯಿ ಉಂಡ್ರ ಮೈ ತುರಸ್ತದ. ಯಾಕ ಕೇಳಾಕತ್ತೀದಿ?"

"ಸುಮ್ನ ಅತ್ತಿ," ಅಂದು ಶಶಿಕಲಾ ಅತ್ತೆ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹೊಸ ರೋಗಿ ಬಂದಾಗ ಹೀಗೆಯೇ ಜೊತೆಗೆ ಬಂದವರನ್ನು ಕೇಳಿ ಬರೆದುಕೊಳ್ಳುತ್ತಿದ್ದಳು.

ಆ ಭಾನುವಾರ ರಾಯಚೂರಿನ ಮನೆಯಲ್ಲಿ ಎಲ್ಲರಿಗೂ ವಿಷಯ ಹೇಳಿದಳು. ಕಿರಣ ಮನೆಯೆಲ್ಲ ಕುಣಿದ. ಅಳತೆಯ ಟೇಪು ತೆಗೆದಾಗ ಅವನೇ ಅವಳ ಕೈ ಹಿಡಿದು ಅಡುಗೆಮನೆಯ ಬಾಗಿಲ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ಮೇಲೆ ಇದ್ದಿಲಿನ ಗೀಟುಗಳು, ಒಂದರ ಮೇಲೊಂದು. "ನನ್ನ ಹುಟ್ಟಿದ ದಿನಕ್ಕೊಮ್ಮಿ ಅವ್ವ ಹಾಕ್ತಾಳ. ಅಕ್ಕಂದು ಆ ಕಡಿ," ಅಂದ. ನೂರಾ ಹದಿನೇಳು ಸೆಂಟಿಮೀಟರ್ ಬಂತು.

"ಮೇ ತಿಂಗಳಿಗಿ ಇನ್ನ ಮೂರು ಬೆಳೀತೀನೇನು ಮಮ್ಮಿ?"

"ನೋಡೋಣು."

ವಿಶಾಖಾ ಮಾತ್ರ ಗೋಡೆಗೆ ಒರಗಿ ಪುಸ್ತಕ ನೋಡುತ್ತಿದ್ದಳು. ನೀರಿನ ಆಟಕ್ಕೆ ನೈಲಾನ್ ಬಟ್ಟೆಯೇ ಬೇಕಂತೆ, ಪೇಟೆಗೆ ಹೋಗಿ ತರೋಣ ಅಂದರೆ, "ನಾ ನೀರಿಗಿ ಇಳಿಯಂಗಿಲ್ಲ," ಅಂದಳು.

"ಯಾಕ? ಮೇ ಒಂಬತ್ತು, ಹತ್ತು, ಹನ್ನೊಂದು. ಬಿಸಲು ಹೆಂಗಿರ್ತದ ಗೊತ್ತದಲ್ಲ? ನೀರಾಗ ಆಡಿದ್ರ ಚಂದ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಗೋಪಮ್ಮನ ಕೈ ನಿಂತಿತು. "ಆ ತಾರೀಖು ಬ್ಯಾಡ ಬೇ. ಒಂದು ವಾರ ಮುಂದ ಹಾಕು."

"ಯಾಕತ್ತಿ? ಅಮಾಸಿ ಬಂತೇನು?"

ವಿಶಾಖಾ ಪುಸ್ತಕ ಬಿಸಾಕಿ ಎದ್ದಳು. "ಅವ್ವಾ, ಹೇಳಂಗಿಲ್ಲ ಅಂತ ಮಾತು ಕೊಟ್ಟಿದ್ದಿ!" ಅಂದವಳೇ ಮಾಳಿಗೆಯ ಮೆಟ್ಟಿಲು ಹತ್ತಿ ಹೋದಳು.

ಗೋಪಮ್ಮ ಕೈಯ ಹಿಟ್ಟು ಒರೆಸಿಕೊಂಡು ಹೊರಗೆ ಬಂದು, ಕಿರಣನನ್ನು ಅಂಗಡಿಗೆ ಕಳಿಸಿ, ಸೊಸೆಯ ಮುಂದೆ ಕೂತಳು.

"ದೊಡ್ಡಾಕಿ ಆಗ್ಯಾಳ ಯವ್ವಾ. ಡಿಸೆಂಬರ್‌ದಾಗ."

ಶಶಿಕಲಾಳಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಮೊದಲು ತಿಂಗಳು ಎಣಿಸಿದಳು. ನಾಲ್ಕು.

ಅವತ್ತು ಬುಧವಾರವಂತೆ. ವಿಶಾಖಾ ಶಾಲೆಯಿಂದ ಬಂದವಳೇ ಅಜ್ಜಿಗೂ ಹೇಳದೆ ತಾಯಿಗೆ ಫೋನ್ ಮಾಡಿದ್ದಳು. ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿ, "ಈಗ ಆಗಂಗಿಲ್ಲ ಪುಟ್ಟಿ, ಆಮ್ಯಾಲ ಮಾಡ್ತೀನಿ," ಅಂದು ಇಟ್ಟುಬಿಟ್ಟಿದ್ದಳು. ಶಶಿಕಲಾಳಿಗೆ ಆ ದಿನ ನೆನಪಿತ್ತು. ರಕ್ತ ನಿಲ್ಲದ ಬಾಣಂತಿಯನ್ನು ಮಲಗಿಸಿಕೊಂಡು ಆಂಬುಲೆನ್ಸಿನ ದಾರಿ ಕಾಯುತ್ತಿದ್ದಳು. ಎಲ್ಲ ಮುಗಿಸಿ ಮನೆಗೆ ಫೋನ್ ಮಾಡಿದಾಗ ಹುಡುಗಿ ಮಲಗಿದ್ದಾಳೆ ಎಂದು ಗೋಪಮ್ಮ ಹೇಳಿದ್ದಳು. ಮರುದಿನ ಕೇಳಬೇಕೆಂದುಕೊಂಡು ಶಶಿಕಲಾ ಮರೆತಿದ್ದಳು.

"'ಮಮ್ಮಿಗಿ ಹೇಳಿದ್ರ ನಾ ಉಣ್ಣಂಗಿಲ್ಲ' ಅಂತ ಹಟ ಹಿಡಿದ್ಲು. ಇವತ್ತ ಹೇಳ್ತಾಳ, ನಾಳಿ ಹೇಳ್ತಾಳ ಅಂತ ನಾನೂ ಸುಮ್ನಾದೆ. ಮುಂದಿನ ವಾರ ನೀ ಬಂದಾಗ ಉಂಡಿ ಕಟ್ಟಿದ್ದೆ ನೋಡು."

ಕೊಬ್ಬರಿ, ಅಂಟು ಹಾಕಿ ದೊಡ್ಡವಳಾದ ಹುಡುಗಿಗೆ ಕಟ್ಟುವ ಉಂಡೆ. ಶಶಿಕಲಾ ಎರಡು ತಿಂದಿದ್ದಳು. ಚೆನ್ನಾಗಿವೆ ಅಂದು ಮಸರಕಲ್‌ಗೂ ನಾಲ್ಕು ಕಟ್ಟಿಸಿಕೊಂಡು ಹೋಗಿದ್ದಳು.

ಪ್ರತಿ ತಿಂಗಳು ಹೈಸ್ಕೂಲಿನ ಹುಡುಗಿಯರನ್ನು ಕೂಡಿಸಿಕೊಂಡು ಇದೇ ವಿಷಯ ಹೇಳುವುದು ಅವಳ ಕೆಲಸ. ಅಂಜಬೇಡಿ, ನಾಚಬೇಡಿ, ಮೊದಲು ನಿಮ್ಮ ತಾಯಿಗೆ ಹೇಳಿ ಅನ್ನುತ್ತಿದ್ದಳು. ಪ್ಯಾಡಿನ ಪೊಟ್ಟಣ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದಳು.

ಮಾಳಿಗೆಯ ತುದಿಯಲ್ಲಿ ವಿಶಾಖಾ ಕಾಲು ಇಳಿಬಿಟ್ಟು ಕೂತಿದ್ದಳು. ಶಶಿಕಲಾ ಪಕ್ಕದಲ್ಲಿ ಕೂತಳು. ಕೆಳಗೆ ನೋಡಿದರೆ ಅವಳಿಗೆ ತಲೆ ತಿರುಗುತ್ತಿತ್ತು.

"ಅವತ್ತ ನಾನು..."

"ಗೊತ್ತದ ಮಮ್ಮಿ. ಹೆರಿಗಿ ಇತ್ತು."

"ಸಿಟ್ಟು ಬಂತೇನು ನನ್ನ ಮ್ಯಾಲ?"

"ಅವಾಗ ಬಂದಿತ್ತು. ಈಗ ಇಲ್ಲ." ಹುಡುಗಿ ಸಮಾಧಾನ ಮಾಡುವವಳ ಹಾಗೆ, "ಅವ್ವ ಎಲ್ಲಾ ಹೇಳಿಕೊಟ್ಟಾಳ. ನೀ ಏನೂ ಚಿಂತಿ ಮಾಡಬ್ಯಾಡ," ಅಂದಳು.

ಇಬ್ಬರೂ ಬಿಸಿಲು ಏರುವವರೆಗೆ ಅಲ್ಲೇ ಕೂತಿದ್ದು ಕೆಳಗೆ ಇಳಿದರು.

ಸೋಮವಾರ ಸಂಜೆ ಅವಳು ಪಂಪಾಪತಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಹಿಂದೆ ಪಂಪಿನ ಮೋಟರುಗಳ ಸದ್ದು. ಅವನು, "ನಾ ಹೋದ ವಾರ ಆಕಿಗಿ ಬೊಂಬಿ ತರ್ಲೇನು ಅಂತ ಕೇಳಿದ್ದೆ," ಅಂದ.

"ಹೋಗೂದು ಬ್ಯಾಡ ಅನಸ್ತದ್ರಿ. ರದ್ದು ಮಾಡ್ತೀನಿ."

"ರದ್ದು ಮಾಡಬ್ಯಾಡ. ಮೂರು ದಿನರ ಕೂಡಿ ಇರೋಣು."

ತಾರೀಖು ಒಂದು ವಾರ ಮುಂದೆ ಹೋಯಿತು. ಶಶಿಕಲಾ ರಜೆಗೆ ಬರೆದುಕೊಟ್ಟಳು, ಪಕ್ಕದ ಉಪಕೇಂದ್ರದ ಸಿಸ್ಟರ್ ಮೂರು ದಿನ ನೋಡಿಕೊಳ್ಳಲು ಒಪ್ಪಿದಳು. ಮೇ ತಿಂಗಳ ಬಿಸಿಲಿಗೆ ಹೊಳೆ ತಳ ಕಂಡಿತು. ಹೊರಡಲು ಎರಡು ದಿನ ಇರುವಾಗ ಪಂಪಾಪತಿ ಫೋನ್ ಮಾಡಿದ. ನೀರು ಮಡುವಿನಲ್ಲಿ ಮಾತ್ರ ಉಳಿದಿದೆ, ಪೈಪು ಅಲ್ಲಿಗೆ ಇಳಿಸಿ ಹಗಲೂ ರಾತ್ರಿ ಕಾಯಬೇಕು, ಎಲ್ಲರ ರಜೆಯೂ ಹೋಯಿತು.

"ಅವ್ವನ್ನ ಕರಕೊಂಡು ಹೋಗು. ನಾಲ್ಕು ಮಂದಿ ಲೆಕ್ಕ ಸರಿ ಆಗ್ತದ," ಅಂದ. ಶಶಿಕಲಾ ಸರಿ ಅಂದಳು.

ಆಸಿಫ್ ಎಂಬವನ ಬಾಡಿಗೆ ಕಾರಿನಲ್ಲಿ ನಸುಕಿಗೇ ಹೊರಟರು. ಗೋಪಮ್ಮ ದಾರಿಗೆ ರೊಟ್ಟಿ, ಚಟ್ನಿಪುಡಿ, ಮೊಸರು ಕಟ್ಟಿಕೊಂಡಿದ್ದಳು. ಹೊರಗಿನ ಊಟ ಒಳಗೆ ಬಿಡುವುದಿಲ್ಲವೆಂದು ಶಶಿಕಲಾಳಿಗೆ ಗೊತ್ತಿತ್ತು. ಪಾರ್ಕಿನ ಗೇಟಿನ ಹೊರಗೆ ಕಾರಿನ ನೆರಳಿನಲ್ಲಿ ಎಲ್ಲರೂ ಅದನ್ನು ಉಂಡು ಒಳಗೆ ಹೋದರು.

ರಿಸಾರ್ಟಿನ ಕೋಣೆ ಚಿತ್ರದಲ್ಲಿದ್ದಂತೆಯೇ ಇತ್ತು. ಎರಡು ಅಗಲ ಮಂಚ, ಬಿಳಿ ಹಾಸಿಗೆ, ಎಂಟು ದಿಂಬು. ನೋಟ್‌ಬುಕ್ಕಿನಲ್ಲಿ ಅವಳು, ಮೊದಲ ದಿನ ಮಧ್ಯಾಹ್ನ ಎಲ್ಲರೂ ವಿಶ್ರಾಂತಿ ಎಂದು ಬರೆದಿದ್ದಳು. ಕಿರಣ ಅಜ್ಜಿಯ ಮಂಚ ಹತ್ತಿ ಅವಳ ಸೆರಗು ಹಿಡಿದು ಮಲಗಿದ. ವಿಶಾಖಾ ಕೂದಲು ಕಟ್ಟಿಕೊಂಡು ಬಂದು ಅದೇ ಮಂಚದ ಇನ್ನೊಂದು ಪಕ್ಕಕ್ಕೆ ಮಲಗಿದಳು. ಗೋಪಮ್ಮ, "ಅಲ್ಲಿ ಜಾಗ ಅದ, ಅಲ್ಲಿ ಮಕ್ಕೋರಿ," ಅಂದಳು. ಇಬ್ಬರೂ ಹೂಂ ಅಂದರು, ಕದಲಲಿಲ್ಲ. ಐದು ನಿಮಿಷದಲ್ಲಿ ಮೂವರಿಗೂ ನಿದ್ದೆ ಬಂತು.

ಇನ್ನೊಂದು ಮಂಚದಲ್ಲಿ ಶಶಿಕಲಾ ಒಂದು ಅಂಚಿಗೆ ಮಲಗಿದ್ದಳು. ಮಸರಕಲ್‌ನ ಮಂಚ ಸಣ್ಣದು, ಅದರಲ್ಲಿ ಒಬ್ಬಳೇ ಮಲಗಿದರೆ ಇಷ್ಟು ಜಾಗ ಉಳಿಯುತ್ತಿರಲಿಲ್ಲ. ಅವಳು ಎದ್ದು ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಗೆ ಹೋಗಿ, ಈಜುಕೊಳದ ಪಕ್ಕದ ಕೊಡೆಯ ಕೆಳಗೆ ಕೂತು ಗಂಡನಿಗೆ ಫೋನ್ ಮಾಡಿದಳು.

"ಹುಡುಗರು ಖುಷಿ ಅದಾವೇನು?"

"ಹೂಂ. ಮಲಗ್ಯಾವ."

"ನೀನು?"

"ನಾನೂ ಮಲಗೀನ್ರಿ."

ಸುತ್ತ ಯಾರದೋ ಮಕ್ಕಳು ನೀರಿಗೆ ಹಾರಿ ಕೇಕೆ ಹಾಕುತ್ತಿದ್ದವು. ಅದು ಅವನಿಗೂ ಕೇಳಿಸಿರಬೇಕು. "ಮಲಗು ಹಂಗಾರ," ಅಂದ.

ಎರಡನೆಯ ದಿನ ಬೆಳಿಗ್ಗೆ ದೊಡ್ಡ ಆಟಗಳ ಬಾಗಿಲಲ್ಲಿ ಕಿರಣನನ್ನು ಅಳೆದರು. ನೂರಾ ಹದಿನೆಂಟು. ಅವನು ಗೋಪಮ್ಮನ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಅವನನ್ನು ಪುಟ್ಟ ರೈಲಿನ ಕಡೆಗೆ ಕರೆದುಕೊಂಡು ಹೋದಳು. ವಿಶಾಖಾ ಅಲ್ಲೇ ನಿಂತು ಆಕಾಶಕ್ಕೆ ಎತ್ತಿ ಒಮ್ಮೆಲೇ ಕೆಳಗೆ ಬಿಡುವ ಗೋಪುರವನ್ನು ನೋಡುತ್ತಿದ್ದಳು. ಇಬ್ಬಿಬ್ಬರೇ ಕೂರಬೇಕಾದ ಆಸನ.

"ಬರ್ತೀಯೇನು ಮಮ್ಮಿ?"

ಶಶಿಕಲಾ ಒಮ್ಮೆ ಗೋಪುರದ ತುದಿ ನೋಡಿದಳು. "ನಡಿ," ಅಂದಳು.

ಮೇಲೆ ಹೋದಾಗ ಹೈದರಾಬಾದಿನ ಬಂಡೆಗಳೂ ಮನೆಗಳೂ ಬಿಸಿಲಲ್ಲಿ ಬಿಳಿಚಿಕೊಂಡು ಕಂಡವು. ಶಶಿಕಲಾ ಕಣ್ಣು ಮುಚ್ಚಿಕೊಂಡಳು. ಆಸನ ಕೆಳಗೆ ಬಿದ್ದಾಗ ವಿಶಾಖಾ ಅವಳ ಮಣಿಕಟ್ಟು ಹಿಡಿದು, "ಅವ್ವಾ!" ಎಂದು ಕಿರುಚಿದಳು. ಆ ಕೂಗು ಯಾರಿಗೆಂದು ಶಶಿಕಲಾಳಿಗೆ ಗೊತ್ತಿತ್ತು. ಕೆಳಗೆ ಇಳಿದಾಗ ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಇನ್ನೊಮ್ಮಿ?"

ಮೂರು ಸಲ ಹೋದರು. ಮೂರು ಸಲವೂ ಅದೇ ಕೂಗು, ಅದೇ ಹಿಡಿತ. ಮೂರನೆಯ ಸಲ ಶಶಿಕಲಾಳ ಬಾಯಿಂದಲೂ "ಯವ್ವಾ" ಎಂದು ಬಂತು. ತೀರಿಕೊಂಡ ತನ್ನ ತಾಯಿಯನ್ನು ಅವಳು ಕೂಗಿ ಎಷ್ಟೋ ವರ್ಷವಾಗಿತ್ತು.

ಕೊನೆಯ ದಿನ ಅಲೆ ಏಳುವ ಕೊಳದಲ್ಲಿ ಮಕ್ಕಳಿಬ್ಬರೂ ಆಡುತ್ತಿದ್ದರು. ಸೀರೆಯವರನ್ನು ನೀರಿಗೆ ಬಿಡುವುದಿಲ್ಲ ಎಂದು ಗೋಪಮ್ಮ ಚೀಲ, ಚಪ್ಪಲಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದಳು. ಶಶಿಕಲಾ ನೀರಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತಳು.

"ನನ್ನ ಮ್ಯಾಲ ಸಿಟ್ಟಾಗೀದಿ ನೀನು," ಅಂದಳು ಗೋಪಮ್ಮ.

"ಇಲ್ಲತ್ತಿ."

"ಆಗು. ಹೆತ್ತಾಕಿಗಿ ಹೇಳದ ಇಟ್ಟೀನಿ, ಅದು ತಪ್ಪು." ಅವಳ ಕಣ್ಣು ಕೊಳದ ಮೇಲೇ ಇತ್ತು. "ನಿನಗ ಒಂದು ಮಾತು ಹೇಳ್ಲಿ? ಚಂದ್ರಬಂಡಾದಾಗ ನನ್ನ ತಂಗಿ ಒಬ್ಬಾಕಿನೇ ಅದಾಳ. ಆಕಿ ಮನ್ಯಾಗ ಒಂದು ವಾರ ಇದ್ದು ಹತ್ತು ವರ್ಷ ಆತು. ಇವು ಸಾಲಿಗಿ ಹೋದ ಮ್ಯಾಲ ಟಿವಿ ಹಚ್ಚಿ ಕುಂದರ್ತೀನಿ. ನೋಡಾಕಲ್ಲ, ಸಪ್ಪಳ ಇರ್ಲಿ ಅಂತ."

ಶಶಿಕಲಾ ಅತ್ತೆಯ ಮುಖ ನೋಡಿದಳು. ಮಸರಕಲ್‌ನ ಹಿಂದಿನ ಕೋಣೆಯಲ್ಲಿ ತಾನು ಫೋನಿನ ವಿಡಿಯೊ ಹಾಕಿಕೊಂಡು ಅನ್ನಕ್ಕಿಡುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. "ಹೋಗಿ ಬರ್ರಿ ಅತ್ತಿ. ಹದಿನೈದು ದಿನ ಇದ್ದು ಬರ್ರಿ. ಸಾಲಿ ಸುರು ಆಗೂತನಕ ಹುಡುಗರು ನನ್ನ ಹತ್ರ ಇರ್ತಾವ," ಅಂದಳು.

ಹಾಗೆ ಮಕ್ಕಳು ಮಸರಕಲ್‌ಗೆ ಬಂದರು. ಮೊದಲ ಎರಡು ದಿನ ಕಿರಣ ಸರಿಯಾಗಿ ಉಣ್ಣಲಿಲ್ಲ, ದಿನಕ್ಕೆ ಮೂರು ಸಲ ಚಂದ್ರಬಂಡಾದಲ್ಲಿದ್ದ ಅಜ್ಜಿಗೆ ಫೋನ್ ಮಾಡಿದ. ಕರೆಂಟು ಹೋದಾಗ ಕತ್ತಲೆಯಲ್ಲಿ ಅವನು ಅಳುವ ಮೊದಲೇ ಶಶಿಕಲಾ ದೀಪ ಹಚ್ಚಿಟ್ಟಳು. ಅವಳು ಮಾಡಿದ ಸಾರು ಅವ್ವನ ಸಾರಿನ ಹಾಗಿಲ್ಲ ಎಂದು ಇಬ್ಬರೂ ಅಂದರು. ಗುರುವಾರ ಲಸಿಕೆಯ ದಿನ ವಿಶಾಖಾ ತಾನಾಗಿಯೇ ಬಂದು ಹೆಸರು ಕೂಗಲು ಕೂತಳು. ತಾಯಂದಿರು, "ಸಿಸ್ಟರ್ ಮಗಳಂತ," ಎಂದು ತಿರುಗಿ ತಿರುಗಿ ನೋಡಿದರು.

ಮರುವಾರ ಒಂದು ಬೆಳಿಗ್ಗೆ ಹೆರಿಗೆಯ ಹೆಂಗಸಿನ ಜೊತೆ ಅವಳು ದೇವದುರ್ಗದ ಆಸ್ಪತ್ರೆಗೆ ಹೋಗಬೇಕಾಯಿತು. ಮಧ್ಯಾಹ್ನ ವಾಪಸು ಬಂದಾಗ ವಿಶಾಖಾ ಉಪ್ಪಿಟ್ಟು ಮಾಡಿ, ತಮ್ಮನಿಗೆ ಉಣಿಸಿ, ಅವಳ ಪಾಲು ಮುಚ್ಚಿಟ್ಟಿದ್ದಳು.

"ಏನು ಹುಟ್ಟಿತು?"

"ಹೆಣ್ಣು."

"ಆಕಿ ಅತ್ತಳೇನು?"

"ಯಾರು, ಕೂಸೋ?"

"ಅಲ್ಲ. ಅದರ ಅವ್ವ."

"ಭಾಳ ಅತ್ಲು. ಆಮ್ಯಾಲ ನಕ್ಲು."

ವಿಶಾಖಾ ಚಮಚವನ್ನು ತಟ್ಟೆಯಲ್ಲಿ ಇತ್ತಿಂದತ್ತ ಸರಿಸಿದಳು. "ನಾ ಹುಟ್ಟಿದಾಗ ನೀನು?"

ಶಶಿಕಲಾ ಹೇಳತೊಡಗಿದಳು. ಆಗ ಅವಳಿನ್ನೂ ತರಬೇತಿಯಲ್ಲಿದ್ದಳು, ಮಳೆ ಬರುತ್ತಿತ್ತು, ಸೂಗಪ್ಪ ಗಿರಣಿಯಿಂದ ಮೈತುಂಬ ತೌಡಿನ ಧೂಳಿನಲ್ಲೇ ಓಡಿ ಬಂದಿದ್ದ, ಕೂಸನ್ನು ಮುಟ್ಟಲು ಅಂಜಿ ಬಾಗಿಲಲ್ಲೇ ನಿಂತಿದ್ದ. ಹುಡುಗಿ ಮಧ್ಯೆ ಮಧ್ಯೆ ಕೇಳುತ್ತ ಹೋದಳು. ಉಪ್ಪಿಟ್ಟು ಆರಿಹೋಯಿತು. ಕಿರಣ ಬಂದು ತಾನು ಹುಟ್ಟಿದ್ದನ್ನೂ ಹೇಳಬೇಕೆಂದು ಹಟ ಹಿಡಿದ, ಅದನ್ನೂ ಹೇಳಿದಳು. ಪಂಪಾಪತಿ ಆ ಶನಿವಾರ ಎರಡು ತಾಸಿನ ಮಟ್ಟಿಗೆ ಬಂದು, ಮಕ್ಕಳ ಜೊತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಕೊನೆಯ ಬಸ್ಸಿಗೆ ಹೋದ.

ಹದಿನೈದನೆಯ ದಿನ ಗೋಪಮ್ಮ ರಾಯಚೂರಿಗೆ ಮರಳಿದಳು. ಶಶಿಕಲಾ ಮಕ್ಕಳನ್ನು ಬಸ್ಸಿಗೆ ಹತ್ತಿಸಿದಳು. ಅಲ್ಲಿ ನಿಲ್ದಾಣದಲ್ಲಿ ಅಜ್ಜಿ ಕಾಯುತ್ತಿರುತ್ತಾಳೆ ಎಂದು ಎರಡೆರಡು ಸಲ ಹೇಳಿದಳು. ಕಿರಣ ಕಿಟಕಿಯ ಪಕ್ಕದ ಜಾಗಕ್ಕೆ ಅಕ್ಕನ ಜೊತೆ ಜಗಳವಾಡಿ ಗೆದ್ದ.

"ದಸರಾ ರಜಾಕ್ಕ ನಾ ಇಲ್ಲಿಗೇ ಬರ್ತೀನಿ ಮಮ್ಮಿ," ಅಂದಳು ವಿಶಾಖಾ, ತಮ್ಮನ ತಲೆಯ ಮೇಲಿಂದ ಬಗ್ಗಿ. "ಸಾರು ಮಾಡೂದು ಅಷ್ಟರಾಗ ಕಲ್ತಿರು."

ಬಸ್ಸು ತಿರುವು ದಾಟುವವರೆಗೆ ನಿಂತಿದ್ದು ಶಶಿಕಲಾ ನಡೆದು ವಾಪಸಾದಳು. ಬೆಳಗಿನ ಮೂರು ತಟ್ಟೆ ತೊಳೆದು ಬೋರಲು ಹಾಕಿದಳು. ಕಿರಣ ಮರೆತುಹೋದ ಒಂದು ಅಂಗಿ ಹಗ್ಗದ ಮೇಲಿತ್ತು, ಒಣಗಿತ್ತು. ಅದನ್ನು ಮಡಿಚುತ್ತಿರುವಾಗ ಮುಂಬಾಗಿಲಲ್ಲಿ ಯಾರೋ, "ಸಿಸ್ಟರ್, ಅದೀರೇನ್ರಿ?" ಎಂದು ಕರೆದರು.

"ಅದೀನಿ, ಬರ್ರಿ," ಅಂದು ಅವಳು ಮುಂದಿನ ಕೋಣೆಗೆ ಹೋದಳು.